ಎರಡನೇ ಸ್ಲಾಟ್

ಪವರ್ ಬಟನ್ ಒತ್ತಿದೆ. ದೀಪ ಹತ್ತಿತು. ಫ್ಯಾನ್ ಒಂದು ಸಲ ಸುಯ್ ಎಂದು ತಿರುಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

2010ರಲ್ಲಿ ಕೊಂಡ ಲ್ಯಾಪ್‌ಟಾಪ್ ಅದು. ಈಚೆಗೆ ಜಾಸ್ತಿ ಬಳಸುತ್ತಿರಲಿಲ್ಲ. ಆದರೆ ಅಪ್ಪ ಬರೆದಿಟ್ಟಿದ್ದ ಮೂರು ನೋಟ್‌ಬುಕ್‌ಗಳನ್ನು ನಾನು ಪುಟ ಪುಟವಾಗಿ ಟೈಪ್ ಮಾಡಿದ್ದು ಅದರಲ್ಲೇ. ಆಮೇಲೆ ಆ ನೋಟ್‌ಬುಕ್‌ಗಳು ಗೆದ್ದಲಿನ ಪಾಲಾದವು. ಬೇರೆ ಕಡೆ ಕಾಪಿ ಇಟ್ಟಿರಲಿಲ್ಲ. ಕಪ್ಪು ಪರದೆ ನೋಡುತ್ತಿದ್ದ ಹಾಗೆ ಕೈಕಾಲು ತಣ್ಣಗಾಯಿತು.

ಮೊದಲ ಅರ್ಧ ಗಂಟೆ ಸುಮ್ನೆ ಹಾಳಾಯಿತು. ಬಟನ್ ಒತ್ತುವುದು, ಕಾಯುವುದು, ಮತ್ತೆ ಒತ್ತುವುದು. ನಂತರ ಚಾರ್ಜರ್ ಕಿತ್ತೆ, ಬ್ಯಾಟರಿ ತೆಗೆದೆ, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿದೆ. ಒಳಗೆ ಉಳಿದ ಚಾರ್ಜ್ ಇದರಿಂದ ಖಾಲಿಯಾಗುತ್ತದೆ. ಎಷ್ಟೋ ಸಲ ಇಷ್ಟರಲ್ಲೇ ಯಂತ್ರ ಎದ್ದು ಕೂರುತ್ತದೆ. ಇದು ಏಳಲಿಲ್ಲ. ಚಾರ್ಜರ್ ತುದಿಗೆ ಮಲ್ಟಿಮೀಟರ್ ಇಟ್ಟೆ. 19 ವೋಲ್ಟ್ ಬರಬೇಕಿತ್ತು, ಬರುತ್ತಿತ್ತು.

ಹಾಗಾದರೆ ಪರದೆಯೇ ಹೋಗಿದೆಯಾ? ಕೋಣೆ ಕತ್ತಲು ಮಾಡಿ ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟೆ. ಹಿಂದಿನ ಬೆಳಕು ಮಾತ್ರ ಕೆಟ್ಟಿದ್ದರೆ ಚಿತ್ರ ಮಸುಕಾಗಿಯಾದರೂ ಕಾಣುತ್ತದೆ. ಏನೂ ಕಾಣಲಿಲ್ಲ. ಬೇರೆ ಮಾನಿಟರ್ ಜೋಡಿಸಿದರೂ ಅಷ್ಟೇ. ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪವೂ ಹತ್ತುತ್ತಿರಲಿಲ್ಲ. ಅಂದರೆ ಪರದೆಯವರೆಗೆ ಬರುವ ಮೊದಲೇ ಯಂತ್ರ ಎಲ್ಲೋ ನಿಂತುಬಿಡುತ್ತಿತ್ತು.

ಆಗ ಹೊಳೆದದ್ದನ್ನು ನಾನು ಮೊದಲೇ ಮಾಡಬೇಕಿತ್ತು. ಲ್ಯಾಪ್‌ಟಾಪ್ ಏಳದಿದ್ದರೆ ಅದರ ಡಿಸ್ಕ್ ಕೆಟ್ಟಿದೆ ಎಂದೇನೂ ಅಲ್ಲ, ಅಲ್ವಾ? ತಳದ ಮುಚ್ಚಳ ಬಿಚ್ಚಿ, ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ಹೊರತೆಗೆದು, ಯುಎಸ್‌ಬಿ ಕೇಸ್‌ನಲ್ಲಿ ಕೂರಿಸಿ ಇನ್ನೊಂದು ಕಂಪ್ಯೂಟರ್‌ಗೆ ಚುಚ್ಚಿದೆ. ಫೋಲ್ಡರ್‌ಗಳು ಸಾಲಾಗಿ ಬಂದವು. ಅಪ್ಪನ ಹೆಸರಿನದೂ ಇತ್ತು. ಮೊದಲು ಅದನ್ನು ಕಾಪಿ ಮಾಡಿಕೊಂಡೆ. ಆ ಹತ್ತು ನಿಮಿಷ ಕುರ್ಚಿ ಬಿಟ್ಟು ಏಳಲಿಲ್ಲ.

ಆದರೆ ಫೈಲ್ ತೆರೆದರೆ ಒಂದಕ್ಷರ ಕನ್ನಡವಿಲ್ಲ. ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ನಾನು ಟೈಪ್ ಮಾಡಿದ್ದು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಪ್ರತ್ಯೇಕ ಸಂಕೇತ ಕೊಡುವ ಪದ್ಧತಿ) ಅಲ್ಲದ ಹಳೆಯ ಫಾಂಟ್‌ನಲ್ಲಿ. ಅಂಥ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಫಾಂಟ್ ಇಲ್ಲದ ಕಡೆ ಬರಹ ಓದಲಾಗುವುದಿಲ್ಲ. ಆ ಫಾಂಟ್, ಅದನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶ, ಎರಡೂ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇದ್ದವು. ಹೊಸದಾಗಿ ಹುಡುಕಬಹುದಿತ್ತು. ಆದರೆ ಫೈಲ್ ಕೈಸೇರಿದ ಮೇಲೆ ಭಯ ಹೋಗಿತ್ತು. ಇದನ್ನು ಎಬ್ಬಿಸಿಯೇ ನೋಡೋಣ ಅನಿಸಿತು.

ಬ್ಯಾಟರಿ, ಚಾರ್ಜರ್ ತೆಗೆದು, ಲೋಹದ ಕಿಟಕಿ ಸರಳು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಂಡೆ. ಎರಡು ರ್‍ಯಾಮ್ ಪಟ್ಟಿಗಳಿದ್ದವು, ಯಂತ್ರ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ನೆನಪು ಇರುವುದು ಇವುಗಳಲ್ಲಿ. ಎರಡನ್ನೂ ಅವುಗಳ ಸ್ಲಾಟ್‌ನಿಂದ ತೆಗೆದೆ. ರ್‍ಯಾಮ್ ಇಲ್ಲದೆಯೇ ಚಾರ್ಜರ್ ಹಾಕಿ ಆನ್ ಮಾಡಿದೆ. ಬೀಪ್, ಬೀಪ್, ಬೀಪ್! ಆ ಸದ್ದು ಕೇಳಿ ಎಷ್ಟು ಖುಷಿಯಾಯಿತು ಗೊತ್ತಾ? ರ್‍ಯಾಮ್ ಎಲ್ಲಿ ಎಂದು ಒಳಗಿನ ಮುಖ್ಯ ಬೋರ್ಡ್ ಕೇಳುತ್ತಿದೆ ಅಂದರೆ ಬೋರ್ಡ್‌ಗೆ ಇನ್ನೂ ಜೀವ ಇದೆ.

ಪಟ್ಟಿಗಳ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿದೆ. ಕಪ್ಪು ಬಂತು. ಪುಡಿಯನ್ನು ಬ್ರಷ್‌ನಿಂದ ಕೊಡವಿ, ಒಂದನ್ನು ಮೊದಲ ಸ್ಲಾಟ್‌ಗೆ ಹಾಕಿದೆ. ಪರದೆ ಬೆಳಗಿತು. ಇನ್ನೊಂದನ್ನು ಎರಡನೆಯದಕ್ಕೆ ಸೇರಿಸಿದೆ. ಮತ್ತೆ ಕಪ್ಪು. ಆ ಎರಡನೇ ಪಟ್ಟಿ ಸತ್ತಿದೆ ಎಂದು ಎತ್ತಿಡುವವನಿದ್ದೆ. ಯಾಕೋ ಅದೊಂದನ್ನೇ ಮೊದಲ ಸ್ಲಾಟ್‌ನಲ್ಲಿ ಹಾಕಿ ನೋಡಿದೆ. ಸಲೀಸಾಗಿ ನಡೆಯಿತು! ಒಳ್ಳೆಯ ಪಟ್ಟಿಯನ್ನು ಎರಡನೇ ಸ್ಲಾಟ್‌ಗೆ ಹಾಕಿದರೆ ಅದೂ ಏಳಲಿಲ್ಲ. ಕೆಟ್ಟಿದ್ದು ಸ್ಲಾಟ್. ಪಾಪ, ಪಟ್ಟಿಯ ತಪ್ಪೇನೂ ಇರಲಿಲ್ಲ.

ಎರಡರಲ್ಲಿ ದೊಡ್ಡದಾದ 4 ಜಿಬಿ ಪಟ್ಟಿಯನ್ನು ಮೊದಲ ಸ್ಲಾಟ್‌ಗೆ ಹಾಕಿ, ಡಿಸ್ಕ್ ಮರಳಿ ಕೂರಿಸಿದೆ. ಆನ್ ಮಾಡಿದರೆ ದಿನಾಂಕ ಸರಿಯಿಲ್ಲ ಎಂಬ ಸಂದೇಶ. ಗಡಿಯಾರ 2010ರ ಜನವರಿ 1ಕ್ಕೆ ಹೋಗಿ ನಿಂತಿತ್ತು. ಆ ಗಡಿಯಾರ ನಿಲ್ಲದಂತೆ ನೋಡಿಕೊಳ್ಳುವ, ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್2032, ಅದರ ಆಯುಸ್ಸು ಮುಗಿದಿತ್ತು. 3 ವೋಲ್ಟ್ ಕೊಡಬೇಕಾದದ್ದು 2 ವೋಲ್ಟ್ ಕೂಡ ದಾಟುತ್ತಿರಲಿಲ್ಲ. ಹೊಸದು ಹಾಕಿದೆ, ದಿನಾಂಕ ಸರಿಮಾಡಿದೆ.

ಸಂಜೆಯೆಲ್ಲ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಿಸುತ್ತಾ ಕೂತೆ. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು, ಕೆಲವು ಒತ್ತಕ್ಷರಗಳು ಮಾಯವಾಗಿದ್ದವು. ಕೈಯಾರೆ ತಿದ್ದಿದೆ. ತಿದ್ದುವಾಗ ಎಷ್ಟೋ ವರ್ಷಗಳ ನಂತರ ಅಪ್ಪನ ಸಾಲುಗಳನ್ನು ಒಂದೊಂದಾಗಿ ಓದಿದೆ. ಯಾವ ದಿನ ಎಷ್ಟು ಮಳೆ, ಯಾವ ಮರ ಹೂ ಬಿಟ್ಟಿತು, ಯಾರು ಮನೆಗೆ ಬಂದಿದ್ದರು.

ರಾತ್ರಿ ಹನ್ನೊಂದಕ್ಕೆ ಮೂರನೇ ನೋಟ್‌ಬುಕ್ ಮುಗಿಯಿತು. ಮೂರು ಕಡೆ ಕಾಪಿ ಇಟ್ಟೆ. ಲ್ಯಾಪ್‌ಟಾಪ್ ಆಫ್ ಮಾಡಿದೆ. ಮಲಗಲು ಹೊರಟವನು ತಿರುಗಿ ಬಂದು ಇನ್ನೊಮ್ಮೆ ಬಟನ್ ಒತ್ತಿದೆ. ದೀಪ, ಫ್ಯಾನ್, ಆಮೇಲೆ ಪರದೆ.