ಅಪವರ್ತನ ಸುಳ್ಳು ಹೇಳಲ್ಲ, ಕಾಲಮ್ಮು ಹೇಳತ್ತೆ

ಫ್ಯಾಕ್ಟರ್‌ಡಿಬಿ ಗೊತ್ತಿರೋರಿಗೆ ಇದೆಲ್ಲ ಹಳೇದು, ದೊಡ್ಡ ಸಂಖ್ಯೆಗಳನ್ನ ಒಡೆದು ಅಪವರ್ತನಗಳನ್ನ ಜೋಡಿಸಿಡೋ ಸೈಟು ಅದು. ಅದೇ ಥರದ್ದು ಒಂದು ಪುಟಾಣಿದನ್ನ ನಾವೊಂದಿಷ್ಟು ಜನ ಸೇರ್ಕೊಂಡು ನಡೆಸ್ತೀವಿ, ಸ್ಟೇಟಸ್ ಅಕ್ಷರಗಳೂ ಅಲ್ಲಿಂದಾನೇ ಎತ್ಕೊಂಡಿದ್ದು: ಎಫ್‌ಎಫ್ ಅಂದ್ರೆ ಪೂರ್ತಿ ಒಡೆದಾಯ್ತು, ಸಿಎಫ್ ಅಂದ್ರೆ ಅರ್ಧಂಬರ್ಧ, ಬರೀ ಸಿ ಅಂದ್ರೆ ಇದು ಒಡೆಯತ್ತೆ ಅಂತ ಗೊತ್ತು, ಯಾವುದರಿಂದ ಅಂತ ಗೊತ್ತಿಲ್ಲ. 2ರ 67ನೇ ಘಾತದಲ್ಲಿ ಒಂದು ಕಳೆದ್ರೆ ಬರತ್ತಲ್ಲ, ಆ ಸಂಖ್ಯೆ 1876ರಲ್ಲಿ ಗಣಿತಜ್ಞ ಲ್ಯೂಕಾ ಅವಿಭಾಜ್ಯ ಅಲ್ಲ ಅಂತ ತೋರಿಸಿದ್ಮೇಲೆ 1903ರಲ್ಲಿ ಇನ್ನೊಬ್ಬ ಗಣಿತಜ್ಞ ಕೋಲ್ ಒಡೆಯೋವರೆಗೂ ಸಿ ಆಗೇ ಕೂತಿತ್ತು ಅನ್ಕೊಳ್ಳಿ, ಅದರ ಅಪವರ್ತನಗಳು 193707721 ಮತ್ತೆ 761838257287.

ನಮ್ಮಲ್ಲಿ ತಲೆ ತಿಂದಿದ್ದೂ ಇದೇ ಸಂಖ್ಯೆ. ಯಾರೋ ಅಪ್ಲೋಡ್ ಮಾಡಿದ್ರು, ನೋಡಿದ್ರೆ ಅಪವರ್ತನದಲ್ಲಿ 2 ಇದೆ, 5 ಇದೆ! 2ರ ಘಾತದಲ್ಲಿ ಒಂದು ಕಳೆದಿದ್ದು ಬೆಸ ಸಂಖ್ಯೆ ಕಣ್ರೀ, 2 ಎಲ್ಲಿಂದ ಬಂತು? ಲಾಗ್ ಕೆದಕಿದ್ರೆ, ಹೋಗಬೇಕಾಗಿದ್ದು 147573952589676412927, ಹೋಗಿದ್ದು 147573952589676410000. ಕಳಿಸಿದ ಸ್ಕ್ರಿಪ್ಟು ಜಾವಾಸ್ಕ್ರಿಪ್ಟ್‌ದು, ಅದರ ಮಾಮೂಲಿ ನಂಬರ್‌ಗೆ 2ರ 53ನೇ ಘಾತ ದಾಟಿದ್ಮೇಲೆ ಪೂರ್ಣಾಂಕಗಳು ನೆಟ್ಟಗಿರೋ ಗ್ಯಾರಂಟಿ ಇಲ್ಲ, ಎರರೂ ಕೊಡಲ್ಲ ವಾರ್ನಿಂಗೂ ಇಲ್ಲ ಸುಮ್ನೆ ಬಾಲ ಕತ್ತರಿಸಿ ಸೊನ್ನೆ ಹಾಕಿ ಕಳಿಸತ್ತೆ. ಈಗ ಎಪಿಐಲಿ (ಬೇರೆ ಪ್ರೋಗ್ರಾಮುಗಳು ನಮಗೆ ಡೇಟಾ ಕಳಿಸೋ ದಾರಿ) ಸಂಖ್ಯೆ ಅಂದ್ರೆ ಸ್ಟ್ರಿಂಗೇ, ಅಂದ್ರೆ ಬರೀ ಅಕ್ಷರಗಳ ಸಾಲು, ಉದ್ಧರಣ ಚಿಹ್ನೆ ಇಲ್ದೆ ಬಂದ್ರೆ ವಾಪಸ್. ಡೇಟಾಬೇಸಲ್ಲೂ ಬಿಗ್‌ಇಂಟ್ ಅನ್ನೋ ಪೂರ್ಣಾಂಕದ ಕಾಲಮ್ಮು 64 ಬಿಟ್ಟಿಗೇ ಮುಗೀತು, ಹಾಗಾಗಿ ಟೆಕ್ಸ್ಟಾಗಿ ಇಟ್ಟು, ಸಾವಿರಾರು ಅಂಕಿಯ ಟೆಕ್ಸ್ಟ್ ಮೇಲೆ ಯುನೀಕ್ ಇಂಡೆಕ್ಸ್ (ಒಂದೇ ಸಂಖ್ಯೆ ಎರಡು ಸಲ ಬರದಂತೆ ತಡೆಯೋದು) ಆಗಲ್ಲ ಅಂತ ಅದರ ಹ್ಯಾಶ್ (ಅದರಿಂದ ಲೆಕ್ಕ ಹಾಕಿದ ಚಿಕ್ಕ ಗುರುತು) ಮೇಲೆ ಇಂಡೆಕ್ಸ್ ಹಾಕಿದೀವಿ. ಮುಂದೆ ಸೊನ್ನೆ ಇದ್ರೆ ಮೊದ್ಲು ಕಿತ್ತಾಕಿ, ಇಲ್ಲಾಂದ್ರೆ 0015 ಬೇರೆ 15 ಬೇರೆ ಆಗಿ ಕೂತ್ಕೊಳತ್ತೆ.

ತಮಾಷೆ ಏನಂದ್ರೆ ಅಪವರ್ತನ ಯಾರೇ ಕೊಡ್ಲಿ ನಂಬೋ ಅಗತ್ಯಾನೇ ಇಲ್ಲ, ಹುಡುಕೋಕೆ ತಿಂಗಳುಗಟ್ಲೆ ಹಿಡಿದಿರಬಹುದು ಭಾಗಿಸಿ ನೋಡೋಕೆ ಕಣ್ಣು ಮಿಟುಕಿಸೋಷ್ಟು ಹೊತ್ತು ಸಾಕು, ಶೇಷ ಸೊನ್ನೆ ಬಂದ್ರೆ ಒಳಗೆ. ಆದ್ರೆ "ಇದು ಅವಿಭಾಜ್ಯ" ಅಂತ ಯಾರಾದ್ರೂ ಅಂದ್ರೆ ಅದನ್ನ ಭಾಗಿಸಿ ನೋಡೋಕಾಗಲ್ವಲ್ಲ. 561 ಇದ್ಯಲ್ಲ, 3, 11, 17ರ ಗುಣಲಬ್ಧ, ಅವಿಭಾಜ್ಯಾನಾ ಅಂತ ಬೇಗ ನೋಡೋ ಫರ್ಮಾ ಪರೀಕ್ಷೇಲಿ ತನ್ನ ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಯಾವ ಬೇಸ್ (ಪರೀಕ್ಷೆಗೆ ಆರಿಸ್ಕೊಳ್ಳೋ ಸಂಖ್ಯೆ) ಕೊಟ್ರೂ ಪಾಸಾಗತ್ತೆ ಕಳ್ಳ. ಅದಕ್ಕೇ ಪಿಆರ್‌ಪಿ, ಅಂದ್ರೆ ಬಹುಶಃ ಅವಿಭಾಜ್ಯ, ಅಂತ ಬೇರೆ ಸ್ಟೇಟಸ್ಸು, ಪ್ರೂಫ್ ಬರೋವರೆಗೂ ಪಿ, ಅಂದ್ರೆ ಖಚಿತವಾಗಿ ಅವಿಭಾಜ್ಯ, ಅಂತ ಬರೆಯಲ್ಲ. ಕಾನ್‌ಪುರ ಐಐಟಿಯವರ 2002ರ ಎಕೆಎಸ್ ಅನ್ನೋ ಅವಿಭಾಜ್ಯತೆ ಪರೀಕ್ಷೆ ಸಿದ್ಧಾಂತದಲ್ಲಿ ಅದ್ಭುತ, ಆದ್ರೆ ದಿನನಿತ್ಯ ದೊಡ್ಡ ಸಂಖ್ಯೆಗೆ ಓಡಿಸೋದು ಎಲಿಪ್ಟಿಕ್ ಕರ್ವ್ (ಒಂದು ಬಗೆಯ ವಕ್ರರೇಖೆ) ಬಳಸಿ ಕೊಡೋ ಪ್ರೂಫ್ ಸರ್ಟಿಫಿಕೇಟೇ.

ಇನ್ನು ಬಾಟ್‌ಗಳು. ಪ್ರತಿ ಪೇಜಲ್ಲೂ ಹಿಂದಿನ ಸಂಖ್ಯೆ ಮುಂದಿನ ಸಂಖ್ಯೆಗೆ ಲಿಂಕ್ ಇತ್ತು, ಕ್ರಾಲರ್ (ಲಿಂಕ್ ಹಿಡಿದು ಪೇಜುಗಳನ್ನ ಓದೋ ಬಾಟ್) ಬಂದು ಹಿಡ್ಕೊಂಡ್ರೆ ಪೂರ್ಣಾಂಕಗಳಿಗೆ ಕೊನೆ ಎಲ್ಲಿದೆ ಸ್ವಾಮಿ, ಹೋಗ್ತಾನೇ ಇರತ್ತೆ, ಹೋದಲ್ಲೆಲ್ಲ ಡೇಟಾಬೇಸಲ್ಲಿ ಹೊಸ ರೋ ಹುಟ್ಟತ್ತೆ, ಪ್ರತಿ ರೋಗೂ ಇಸಿಎಂ (ಅಪವರ್ತನ ಹುಡುಕೋ ಒಂದು ವಿಧಾನ) ಶುರು. ನೋಡಿದ್ರೆ ಉಳಿಸಬೇಡ, ಸಬ್ಮಿಟ್ ಮಾಡಿದ್ರೆ ಮಾತ್ರ ಉಳಿಸು ಅಂತ ಮಾಡಿದ್ಮೇಲೆ ಸಿಪಿಯು ಉಸಿರಾಡ್ತು. ಕ್ಯೂಲಿ ಈಗ ಚಿಕ್ಕ ಸಿಗಳೇ ಜಾಸ್ತಿ, ಅವುಗಳ ಮೇಲೆ ಯಾಫು ಅನ್ನೋ ಸಂಖ್ಯೆ ಒಡೆಯೋ ಪ್ರೋಗ್ರಾಮನ್ನ ಓಡೋಕೆ ಬಿಟ್ಟಿದೀನಿ, ಐವತ್ತು ಅರವತ್ತು ಅಂಕಿಯವು ಅವಾಗವಾಗ್ಲೇ ಖಾಲಿ ಆಗ್ತಿವೆ. ಹನ್ನೆರಡನೇ ಫರ್ಮಾ ಸಂಖ್ಯೆಯ (2ರ 4096ನೇ ಘಾತಕ್ಕೆ ಒಂದು ಕೂಡಿಸಿದ್ದು) ಇನ್ನೂ ಒಡೆಯದ ಸಾವಿರ ಚಿಲ್ರೆ ಅಂಕಿಯ ಭಾಗ ಬಾಕಿ ಇದ್ಯಲ್ಲ, ದಯವಿಟ್ಟು ಅದನ್ನ ಮತ್ತೆ ಮತ್ತೆ ಕ್ಯೂಗೆ ಹಾಕಬೇಡಿ.