ಕಡಲೆ ಹೊಲಕ್ಕೆ ಬಂದ ಶೇಂಗಾ ಪಾಕೀಟು

ಹಿಂಗಾರು ಬಿತ್ತನೆ ಜೋರಾಗಿದ್ದಾಗ ತುರುವನೂರು ಕಡೆಯ ನಮ್ಮ ಕಡಲೆ ಪ್ರಾತ್ಯಕ್ಷಿಕೆಗೆ ರೈಜೋಬಿಯಂ ಬಂತು. ಬೇರಿನ ಗಂಟಲ್ಲಿ ಕೂತು ಗಿಡಕ್ಕೆ ಸಾರಜನಕ ಕಟ್ಟಿಕೊಡುವ ಬ್ಯಾಕ್ಟೀರಿಯ ಅದು, ಬೀಜಕ್ಕೆ ಲೇಪಿಸಿ ಬಿತ್ತುತ್ತಾರೆ. ಡಬ್ಬ ಬಿಚ್ಚಿದರೆ ಪಾಕೀಟಿನ ಮೇಲೆ ಇದ್ದದ್ದು ಶೇಂಗಾ. ಮೇಲಿನವರಿಗೆ ಫೋನ್ ಮಾಡಿದೆ. "ರೈಜೋಬಿಯಂ ಎಲ್ಲ ಒಂದೇ ಕಣಮ್ಮ. ಕೊಟ್ಟು ಸಹಿ ತಗೋ, ಪ್ರಗತಿ ವರದಿ ಹೋಗ್ಬೇಕು" ಅಂದರು. ಆ ಮಾತು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಲೇಪ ಬೀಜಕ್ಕೆ ಅಂಟಲೆಂದು ರೈತರು ಬದುವಿನ ಮೇಲೆ ಬೆಲ್ಲದ ನೀರು ಕಾಸಿ ಆರಿಸಿಟ್ಟಿದ್ದರು. ಜೆಜಿ-11 ತಳಿಯ ಕಡಲೆ ಬೀಜ ತಾಟಿನ ಮೇಲೆ ಹರವಿತ್ತು, ಬಾಡಿಗೆ ಟ್ರ್ಯಾಕ್ಟರ್ ಕೂರಿಗೆ ಕಟ್ಟಿಕೊಂಡು ನಿಂತಿತ್ತು. ಎರೆ ಹೊಲದ ಹದ ತಪ್ಪಿದರೆ ಮತ್ತೆ ಸಿಗುವುದಿಲ್ಲ. "ಇದನ್ನ ಹಾಕಬೇಡಿ" ಅಂದೆ. ಯಾರೂ ತುಟಿ ಬಿಚ್ಚಲಿಲ್ಲ. ಡ್ರೈವರ್ ಇಂಜಿನ್ ಆಫ್ ಮಾಡಿದ. ಕೊನೆಗೆ ಹಿರಿಯರೊಬ್ಬರು, "ಎರಡೂ ಬೇರಲ್ಲಿ ಗಂಟು ಕಟ್ಟೋ ಬೆಳೇನೇ ಅಲ್ವೇನಮ್ಮ?" ಅಂತ ಕೇಳಿದರು.

"ಗಂಟು ಒಂದೇ ಥರ ಕಂಡ್ರೂ ಒಳಗಿರೋ ಜೀವಿ ಬೇರೆ, ಯಜಮಾನ್ರೇ. ಬೇರು ಗುರುತು ಹಿಡಿದೇ ಒಳಗೆ ಬಿಡೋದು" ಅಂದೆ.

ಅವರಿಗೆ ಅಷ್ಟೇ ಸಾಕಿತ್ತು. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇರು ಮಣ್ಣಿಗೆ ಫ್ಲೇವನಾಯ್ಡ್ ಎಂಬ ರಾಸಾಯನಿಕ ಒಸರುತ್ತದೆ. ಅದಕ್ಕೆ ಒಗ್ಗುವ ಬ್ಯಾಕ್ಟೀರಿಯ ಉತ್ತರವಾಗಿ ನಾಡ್ ಫ್ಯಾಕ್ಟರ್ ಎಂಬ ಅಣು ಕಳಿಸುತ್ತದೆ: ನಾಲ್ಕೈದು ಸಕ್ಕರೆ ಘಟಕಗಳ ಸರಪಳಿ, ಅದಕ್ಕೊಂದು ಕೊಬ್ಬಿನ ಬಾಲ. ಬೇರಿನ ಜೀವಕೋಶದ ಪೊರೆಯಲ್ಲಿರುವ ಎರಡು ಗ್ರಾಹಕ ಪ್ರೋಟೀನುಗಳು ತಮ್ಮ ಲೈಸ್‌ಎಂ ಎಂಬ ಭಾಗದಿಂದ ಅದನ್ನು ಹಿಡಿಯುತ್ತವೆ. ಹೊಂದಿದರೆ ಮಾತ್ರ ಬೇರುಗೂದಲು ಸುರುಳಿಯಾಗಿ ಬ್ಯಾಕ್ಟೀರಿಯವನ್ನು ಒಳಗೆ ಕರೆದುಕೊಳ್ಳುತ್ತದೆ. ರೋಗ ತರುವ ಶಿಲೀಂಧ್ರದ ಕೈಟಿನ್ ಕೂಡ ಅದೇ ಸಕ್ಕರೆಯ ಸರಪಳಿ. ಹಾಗಾಗಿ ಗಿಡಕ್ಕೆ ಇಷ್ಟು ಹುಷಾರು ಬೇಕೇ ಬೇಕು. ಈ ಗ್ರಾಹಕಗಳನ್ನು 2003ರಲ್ಲಿ ಲೋಟಸ್ ಜಪಾನಿಕಸ್ ಎಂಬ ದ್ವಿದಳ ಗಿಡದಲ್ಲಿ ಗುರುತಿಸಿದ್ದು ಡೆನ್ಮಾರ್ಕಿನ ಆರ್ಹಸ್‌ ವಿಶ್ವವಿದ್ಯಾಲಯದ ವಿಜ್ಞಾನಿಗಳು. ರೋಗ ತಡೆಯುವ ಗ್ರಾಹಕದಲ್ಲಿ ಬರೀ 2 ಅಮೈನೋ ಆಮ್ಲ ಬದಲಿಸಿದರೆ ಅದು ಬ್ಯಾಕ್ಟೀರಿಯವನ್ನು ಒಳಗೆ ಬಿಡುವ ಸ್ನೇಹದ ಗ್ರಾಹಕವಾಗುತ್ತದೆ ಅಂತ ಅದೇ ವಿಶ್ವವಿದ್ಯಾಲಯದವರು 2025ರಲ್ಲಿ ತೋರಿಸಿದರು. ಎರಡೇ ಎರಡು!

ಕಡಲೆಯ ಜೊತೆಗಾರ ಮೀಸೋರೈಜೋಬಿಯಂ. ಶೇಂಗಾದ್ದು ಬ್ರಾಡಿರೈಜೋಬಿಯಂ, ಅದು ಬೇರುಗೂದಲಿನಿಂದಲ್ಲ, ಕವಲುಬೇರು ಒಡೆಯುವ ಬಿರುಕಿನಿಂದ ಒಳಹೋಗುತ್ತದೆ. ಶೇಂಗಾ ಪಾಕೀಟು ಕಡಲೆಗೆ ಕೇಡೇನೂ ಮಾಡದು, ಆದರೆ ರೈತನಿಗೆ 'ಉಪಚಾರ ಆಯ್ತು' ಎಂಬ ಸುಳ್ಳು ಭರವಸೆ ಕೊಡುತ್ತದೆ.

ವರ್ಷವರ್ಷ ಕಡಲೆ ಬೆಳೆದ ಹೊಲದ ಮಣ್ಣಲ್ಲಿ ಸರಿಯಾದ ಬ್ಯಾಕ್ಟೀರಿಯ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಂಥವರಿಗೆ ಹಾಗೇ ಬಿತ್ತಿ ಅಂದೆ. ಮೊದಲ ಸಲ ಕಡಲೆ ಹಾಕುವವನೊಬ್ಬನಿದ್ದ, ಹತ್ತಿ ಹೊಲ. ಅವನನ್ನು ಮಾತ್ರ ನಿಲ್ಲಿಸಿದೆ. "ಹದ ಹೋದ್ರೆ ನೀವು ಕೊಡ್ತೀರಾ ಮೇಡಂ?" ಅಂದ. ಏನು ಹೇಳಲಿ? ಸಂಜೆಯೊಳಗೆ ಅಲ್ಲಿಇಲ್ಲಿ ತಿರುಗಿ ಕಡಲೆ ಪಾಕೀಟು ತಂದುಕೊಟ್ಟೆ. ಮರುದಿನ ಬೆಳಿಗ್ಗೆ ನೆರಳಲ್ಲಿ ಲೇಪಿಸಿ ಬಿತ್ತಿದ. ಹೂ ಬಿಡುವ ಮುಂಚೆ ಗಿಡ ಅಗೆದು ಬೇರು ತೊಳೆದು ಗಂಟನ್ನು ಉಗುರಲ್ಲಿ ಸೀಳಿದೆ. ಒಳಗೆಲ್ಲ ಗುಲಾಬಿ. ಅದು ಲೆಗ್‌ಹೀಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು, ಸಾರಜನಕ ಕಟ್ಟುವ ಕೆಲಸ ನಡೆದಿದೆ ಅಂತ ಅರ್ಥ.

ಪಾಕೀಟು ಕೈಗೆ ಬಂದ ಕೂಡಲೇ ಬೆಳೆಯ ಹೆಸರು, ಅವಧಿ ಮುಗಿಯುವ ದಿನಾಂಕ ಓದಿ. ಶಿಲೀಂಧ್ರನಾಶಕ ಮೊದಲು, ರೈಜೋಬಿಯಂ ಕೊನೆಗೆ. ನಮ್ಮ ಇಂಡೆಂಟ್ (ಬೇಡಿಕೆ) ಫಾರಂನಲ್ಲಿ 'ಜೈವಿಕ ಗೊಬ್ಬರ' ಅಂತ ಈಗಲೂ ಒಂದೇ ಕಾಲಂ ಇದೆ. ಬೆಳೆವಾರು ಕಾಲಂ ಮಾಡಿ ಅಂತ ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ.