ಮಾರಾನ ತೊಟ್ಟಿ ರೆಡಿ, ಹುಚ್ಚರ ದೃಶ್ಯ ಇನ್ನೂ ಬಾಕಿ

ಅಂತೂ ನಮ್ಮ ನಾಟಕಕ್ಕೆ ಬೇಕಿದ್ದ ಸ್ನಾನದ ತೊಟ್ಟಿ ಬಂತು. ಮಂಡಿ ಮೊಹಲ್ಲಾದ ಗುಜರಿ ಅಂಗಡಿಯಲ್ಲಿ ಸಿಕ್ಕ ದಪ್ಪ ತಗಡನ್ನು ಬಗ್ಗಿಸಿ, ಕೈ ಕುಯ್ಯದ ಹಾಗೆ ಅಂಚು ಮಡಿಸಿ, ಬರೆಯೋಕೆ ಮೇಲೊಂದು ಹಲಗೆ ಅಡ್ಡ ಹಾಕಿದ್ದೇವೆ. ಒಳಗೆ ಕೂತವನು ಸ್ವಲ್ಪ ಮಿಸುಕಿದರೂ ತಗಡು ಡಬ್ ಅನ್ನುತ್ತದೆ. ಆ ಸದ್ದನ್ನು ಹಾಗೇ ಇಟ್ಟುಕೊಂಡೆವು. ಈಗ ಅದು ಡಬ್ ಅಂದಾಗಲೆಲ್ಲ ನಮ್ಮ ತಮಟೆ ಅಣ್ಣ ಒಂದೇ ಪೆಟ್ಟಿನಲ್ಲಿ ಉತ್ತರ ಕೊಡ್ತಾರೆ.

ಹೊಸಬರಿಗೆ ಹೇಳಿಬಿಡ್ತೀನಿ. ಮೈಸೂರಿನ ನಮ್ಮ ಹವ್ಯಾಸಿ ತಂಡ ಕೈಗೆತ್ತಿಕೊಂಡಿರೋದು ಪೀಟರ್ ವೈಸ್ ಬರೆದ, 1964ರಲ್ಲಿ ಬರ್ಲಿನ್‌ನಲ್ಲಿ ಮೊದಲು ಆಡಿದ 'ಮಾರಾ/ಸಾದ್' ನಾಟಕದ ಕೆಲವು ದೃಶ್ಯಗಳು. ಪೀಟರ್ ಬ್ರೂಕ್ 1967ರಲ್ಲಿ ಇದನ್ನು ಸಿನಿಮಾ ಮಾಡಿದರು. ನಮಗೆ ಹುಚ್ಚು ಹಿಡಿಸಿದ್ದೇ ಆ ಸಿನಿಮಾ. ಕತೆ ನಡೆಯೋದು 1808ರಲ್ಲಿ, ಪ್ಯಾರಿಸ್ ಹತ್ತಿರದ ಶರಾಂಟನ್ ಹುಚ್ಚಾಸ್ಪತ್ರೆಯಲ್ಲಿ. ಅಲ್ಲಿ ಕೂಡಿಹಾಕಿದ್ದ ಫ್ರೆಂಚ್ ಲೇಖಕ ಸಾದ್, ಜೊತೆಯ ರೋಗಿಗಳಿಂದಲೇ ಒಂದು ನಾಟಕ ಆಡಿಸ್ತಾನೆ. ಫ್ರೆಂಚ್ ಕ್ರಾಂತಿಯ ನಾಯಕ ಮಾರಾನನ್ನು 1793ರ ಜುಲೈ 13ರಂದು ಶಾರ್ಲೆಟ್ ಕೊರ್ದೆ ಅನ್ನೋ ಯುವತಿ ಚಾಕುವಿನಿಂದ ಇರಿದು ಕೊಂದ ಕತೆ ಅದು. ಮಾರಾನಿಗೆ ಚರ್ಮರೋಗ. ಉರಿ ತಡೆಯೋಕೆ ನೀರಲ್ಲಿ ಕೂತೇ ಬರೀತಿದ್ದ, ಸತ್ತಿದ್ದೂ ಅಲ್ಲೇ.

ಕಷ್ಟ ಇರೋದು ಹುಚ್ಚಿನಲ್ಲಿ. ಮೊದಲ ಓದಿನಲ್ಲಿ ಎಲ್ಲರೂ ಕಣ್ಣು ತಿರುಗಿಸಿ, ನಾಲಿಗೆ ಚಾಚಿ, ಕಿರುಚಾಡಿಬಿಟ್ಟರು. ನೋಡೋಕೆ ಹಿಂಸೆ ಆಯ್ತು, ಯಾಕಂದ್ರೆ ಕಾಯಿಲೆ ಬಿದ್ದ ಮನುಷ್ಯ ಯಾರ ಮನರಂಜನೆಗೂ ಇರೋನಲ್ಲ. ಹಾಗಾಗಿ ಈಗ ಒಂದೇ ನಿಯಮ: ಯಾರೂ ಹುಚ್ಚನ್ನು ಅಭಿನಯಿಸಬಾರದು, ಪ್ರತಿಯೊಬ್ಬರಿಗೂ ಏನೋ ಒಂದು ಬೇಕಿರಬೇಕು, ಅದಕ್ಕಾಗಿ ಅವರು ಒದ್ದಾಡಬೇಕು. ಕೊರ್ದೆ ಪಾತ್ರದ ರೋಗಿಗೆ ನಿದ್ದೆಯ ಕಾಯಿಲೆ. ಅವಳಿಗೆ ಬೇಕಿರೋದು ನಿದ್ದೆ ಅಷ್ಟೇ, ಆದರೆ ಕೊಲೆ ಮಾಡು ಅಂತ ಎಬ್ಬಿಸ್ತಾರೆ. ನಮ್ಮ ಹುಡುಗಿ ನಿನ್ನೆ ಚಾಕು ಹಿಡಿದು ತೊಟ್ಟಿಯವರೆಗೂ ಬಂದು, ಕೈಯಲ್ಲಿ ಏನಿದೆ ಅನ್ನೋದೇ ಮರೆತವಳ ಹಾಗೆ ನಿಂತಳು. ನನಗೆ ಮೈ ಜುಂ ಅಂತು. ಸಿನಿಮಾದಲ್ಲಿ ಕೊರ್ದೆ ಪಾತ್ರ ಮಾಡಿದ ಗ್ಲೆಂಡಾ ಜಾಕ್ಸನ್ ತನ್ನ ಕೂದಲನ್ನೇ ಚಾಟಿ ಮಾಡಿಕೊಂಡು ಸಾದ್‌ಗೆ ಬೀಸುವ ದೃಶ್ಯ ಇದೆಯಲ್ಲ, ಅದನ್ನು ನಾವು ಮುಟ್ಟಲ್ಲ. ಅದು ಅವರದ್ದು.

ಕಂಬಿ ಹಾಕಬೇಕಾ ಬೇಡ್ವಾ ಅಂತ ದೊಡ್ಡ ಜಗಳವೇ ಆಯ್ತು. ಸಿನಿಮಾದಲ್ಲಿ ನೋಡೋರಿಗೂ ರೋಗಿಗಳಿಗೂ ನಡುವೆ ಕಂಬಿ ಇದೆ. ಮದ್ದೂರಿನ ನಮ್ಮ ಗೆಳೆಯ ಆಗ ಶಿವಪುರದ ಮಾತು ತೆಗೆದ. 1938ರಲ್ಲಿ, ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ, ಅಲ್ಲಿ ನಿಷೇಧಾಜ್ಞೆ ಇದ್ದರೂ ಜನ ಬಾವುಟ ಹಾರಿಸಿದರು. ಅವರಿಗೆ ಸೇರೋಕೆ ಒಂದು ಬಯಲಾದರೂ ಇತ್ತು, ನಮ್ಮ ನಾಟಕದ ರೋಗಿಗಳು ಸ್ವಾತಂತ್ರ್ಯ ಅಂತ ಕೂಗೋದೇ ಬೀಗದ ಒಳಗೆ, ಅದೂ ಆಸ್ಪತ್ರೆ ಮುಖ್ಯಸ್ಥ ಕೂಲ್ಮಿಯೆ ಒಪ್ಪಿದ ಮಾತುಗಳಲ್ಲಿ, ಅಂದ. ಎಲ್ಲರೂ ಸುಮ್ಮನಾದೆವು. ಕೊನೆಗೆ ಕಂಬಿ ಬೇಡ ಅಂತಾಯ್ತು. ಪ್ರೇಕ್ಷಕರು ಅದೇ ನೆಲದ ಮೇಲೆ, ಸುತ್ತ ಕೂರ್ತಾರೆ. ಕೂಲ್ಮಿಯೆ ಅವರ ಮಧ್ಯದಿಂದಲೇ ಎದ್ದು ನಾಟಕ ನಿಲ್ಲಿಸ್ತಾನೆ. ಬೀಗದ ಕೈ ಅವನ ಸೊಂಟದಲ್ಲೇ ಇರುತ್ತದೆ.

ಮಾರಾ ಮತ್ತು ಸಾದ್ ವಾದ ಮಾತ್ರ ನಮ್ಮಲ್ಲೂ ಮುಗೀತಿಲ್ಲ. ಲೋಕವನ್ನೇ ಬದಲಿಸಬೇಕು ಅಂತಾನೆ ಒಬ್ಬ, ಮನುಷ್ಯನ ಒಳಗಿನ ಜೈಲುಗಳಿಗೆ ಏನು ಮಾಡ್ತೀಯ ಅಂತಾನೆ ಇನ್ನೊಬ್ಬ. ನಾನು ಮಾರಾನ ಕಡೆ. ಹೊಟ್ಟೆಗಿಲ್ಲದವನನ್ನು ಮೊದಲು ನಿನ್ನೊಳಗೆ ನೋಡಿಕೋ ಅನ್ನೋದು ನನಗೆ ಸರಿ ಕಾಣಲ್ಲ.

ಮುಂದಿನ ಕೆಲಸ ಕೊನೆಯ ದೊಂಬಿ. ರೋಗಿಗಳು ತಿರುಗಿಬೀಳ್ತಾರೆ, ಕಾವಲಿನವರು ಹೊಡೀತಾರೆ, ಸಾದ್ ನಗ್ತಾ ನೋಡ್ತಾನೆ. ಯಾರಿಗೂ ಪೆಟ್ಟಾಗದ ಹಾಗೆ ಅದನ್ನು ನಿಧಾನವಾಗಿ ಕಟ್ಟಬೇಕು. ಕಾವಲಿನ ಪಾತ್ರಕ್ಕೆ ಗಟ್ಟಿ ಆಳುಗಳು ಬೇಕು, ಸಂಜೆ ಹೊತ್ತು ಬಿಡುವಿದ್ದವರು ಬನ್ನಿ.